ಎರಡೆರಡು ಕಪ್ಪು ಚುಕ್ಕೆ

“ಒಂದಲ್ಲ ಒಂದು ದಿನ ನಿನ್ನ ಸ್ಕೂಲಿಗೆ ಖಂಡಿತ ಬರ್ತೀನಿ” ಎಂದು ಅಮ್ಮ ಮಾತು ಕೊಟ್ಟಾಗ ಮಗಳು ಬುಗುರಿ ಒಂದನೇ ಕ್ಲಾಸು. ಈಗ ಐದನೇ ಕ್ಲಾಸು. ಅಮ್ಮ ಕೆಲಸ ಮಾಡುವುದು ಟ್ರೌಟ್ ಮೀನು ಸಾಕುವ ಕೇಂದ್ರದಲ್ಲಿ. ಸ್ಕೂಲ್ ಡೇ ಬಂದಾಗಲೆಲ್ಲ ಅಲ್ಲಿನ ನೀರಿನ ಪಂಪು ತಪ್ಪದೆ ಕೆಡುತ್ತಿತ್ತು.

ಮರಿಯಾಗುವುದನ್ನು ಮಕ್ಕಳು ನೋಡಲೆಂದು ಆ ಕೇಂದ್ರದವರೇ ಸ್ಕೂಲಿಗೆ ನೂರು ಮೀನಿನ ಮೊಟ್ಟೆ ಕೊಟ್ಟಿದ್ದರು. ಕ್ಲಾಸಿನ ಮೂಲೆಯ ತಣ್ಣೀರಿನ ತೊಟ್ಟಿಯಲ್ಲಿ ಅವು ಕಿತ್ತಳೆ ಬಣ್ಣದ ಮಣಿಗಳಂತೆ ಬಿದ್ದಿದ್ದವು.

“ಇವಳಮ್ಮ ಮೀನಿನವರು. ಇವಳೇ ನೋಡ್ಕೊಳ್ಳಲಿ” ಎಂದರು ಟೀಚರ್.

ಬುಗುರಿಗೆ ಗೊತ್ತಿದ್ದದ್ದು ಒಂದೇ ವಿಷಯ. ಸತ್ತ ಮೊಟ್ಟೆಯನ್ನು ಆರಿಸಿ ತೆಗೆಯಬೇಕು, ಇಲ್ಲದಿದ್ದರೆ ಬೂಷ್ಟು ಉಳಿದವಕ್ಕೂ ಹಬ್ಬುತ್ತದೆ. ಊಟಕ್ಕೆ ಕೂತಾಗಲೆಲ್ಲ ಅಮ್ಮ ಹೇಳುತ್ತಿದ್ದದ್ದು ಅದನ್ನೇ.

ಸೋಮವಾರ ನೋಡಿದರೆ ಮೊಟ್ಟೆಗಳಲ್ಲಿ ಎರಡೆರಡು ಕಪ್ಪು ಚುಕ್ಕೆ.

“ಕೊಳೀತಿದೆ” ಎಂದಳು ಬುಗುರಿ, ದೊಡ್ಡ ಡಾಕ್ಟರ್ ಹಾಗೆ. ಚಮಚದಿಂದ ಒಂದೊಂದನ್ನೇ ಎತ್ತಿ ನೀರಿನ ಲೋಟಕ್ಕೆ ಹಾಕಿದಳು. ಲೋಟದಲ್ಲಿ ತೊಂಬತ್ತಾರು. ತೊಟ್ಟಿಯಲ್ಲಿ ಉಳಿದದ್ದು ನಾಲ್ಕು. ಆ ನಾಲ್ಕು ಮಾತ್ರ ಹಾಲಿನಷ್ಟು ಬಿಳಿ, ಒಂದು ಚುಕ್ಕೆಯೂ ಇಲ್ಲ.

“ಸಿಂಕಿಗೆ ಸುರಿದುಬಿಡ್ಲಾ?”

“ನಿಮ್ಮಮ್ಮಂಗೆ ಒಂದು ಫೋನ್ ಮಾಡೇ ಮಾರಾಯ್ತಿ” ಎಂದಳು ಕನ್ನಡಕದ ಗೆಳತಿ ಸೋಡಾಬುಡ್ಡಿ.

ಸ್ಕೂಲ್ ಆಫೀಸಿನಿಂದ ಮಾಡಿದ ಫೋನಿನಲ್ಲಿ ಅಮ್ಮ ಎಲ್ಲ ಕೇಳಿಸಿಕೊಂಡಳು.

“ಅದು ಕಣ್ಣು ಕಣೇ.”

“ಯಾವುದು?”

“ಆ ಚುಕ್ಕೆ. ಮೊಟ್ಟೆಯೊಳಗಿನ ಮರಿಯ ಕಣ್ಣು. ಸತ್ತಿರೋದು ಬಿಳೀದು. ಲೋಟನ ತೊಟ್ಟಿ ನೀರಲ್ಲೇ ನಿಲ್ಲಿಸು. ಅಲ್ಲಾಡಿಸಬೇಡ. ಬಂದೆ.”

ನಾಲ್ಕು ವರ್ಷದಿಂದ ಬರಲಾಗದವಳು ಹತ್ತು ನಿಮಿಷದಲ್ಲಿ ಬಂದಳು. ಮೊಣಕಾಲುದ್ದದ ರಬ್ಬರ್ ಬೂಟಿನಲ್ಲೇ, ಕಾರಿಡಾರಿನ ತುಂಬ ನೀರಿನ ಹೆಜ್ಜೆ ಮೂಡಿಸುತ್ತ. ಬಿಳಿಯ ನಾಲ್ಕನ್ನು ತೆಗೆದಳು. ಲೋಟವನ್ನು ನೀರೊಳಗೆ ನಿಧಾನವಾಗಿ ವಾಲಿಸಿದಳು. ಮೊಟ್ಟೆಗಳು ಉರುಳಿ ತಮ್ಮ ಜಾಗ ಸೇರಿದವು. ಒಂದೆರಡು ಒಳಗೊಳಗೇ ಮಿಸುಕಾಡಿದವು.

“ಬದುಕಿವೆ” ಎಂದಳು ಅಮ್ಮ.

“ಮೀನಿಗಾದ್ರೆ ಓಡಿ ಬರ್ತೀಯ” ಎಂದಳು ಬುಗುರಿ, ನೆಲ ನೋಡುತ್ತ.

“ನೀನು ಫೋನಲ್ಲಿ ಅಳ್ತಿದ್ದೆ.”

“ನಾನೇನು ಅಳ್ಲಿಲ್ಲ.”

“ಸರಿ ಬಿಡು. ಮೀನು ಅಳ್ತಿತ್ತು.”

ಅಮ್ಮ ಹತ್ತಿರದ ಪುಟ್ಟ ಬೆಂಚಿನಲ್ಲಿ ಮೈ ಮುದುರಿ ಕೂತಳು. “ನಿನ್ನ ಜಾಗ ಯಾವುದು?”

“ಅದೇ. ನೀನು ಕೂತಿರೋದು.”

ತಣ್ಣೀರಿಗೆ ಸುಕ್ಕುಗಟ್ಟಿದ ಬೆರಳುಗಳಿಂದ ಅಮ್ಮ ಬೆಂಚನ್ನು ಒಮ್ಮೆ ಸವರಿದಳು. ಕೇಂದ್ರದಲ್ಲಿ ಈಗ ಪಂಪು ನೋಡಿಕೊಳ್ಳುವವರು ಯಾರು ಎಂದು ಕೇಳಬೇಕೆಂದುಕೊಂಡ ಬುಗುರಿ, ಕೇಳಲಿಲ್ಲ. ಅಮ್ಮನನ್ನು ಸ್ವಲ್ಪ ಸರಿಸಿ ಪಕ್ಕದಲ್ಲೇ ಕೂತಳು.

ಅಮ್ಮ ಸ್ಕೂಲಿಗೆ ಬಂದಿದ್ದಳು.