ಏಪ್ರಿಕಾಟ್ ಮರದ ಕೆಳಗೆ ಬನ್ನಿ

"ಅನುಮಾನ ಬಂದ್ರೆ ಮುಟ್ಟಬೇಡಿ, ನನಗೆ ಕಳಿಸಿ" ಎಂದು ಹೇಳಿಕೊಟ್ಟವನು ಅರ್ವೀದಾಸನೇ. ಕಳಿಸಿದೆ. ತಪ್ಪು ನನ್ನದಾ?

ಪ್ರುತ್ ನದಿ ಪಕ್ಕದ ನಮ್ಮ ಪುಟ್ಟ ಊರಿನ ಪುರಸಭೆಗೆ ಯುರೋಪಿನ ನೆರವಿನ ಮಿಷನ್ ಕಳಿಸಿದ್ದ ಸಲಹೆಗಾರ ಅವನು, ಲಿಥುವೇನಿಯಾದವನು. ಚಳಿಗಾಲದಲ್ಲಿ ಯಾರೋ ಮೇಯರ್ ದನಿಯಲ್ಲೇ ಸುಳ್ಳು ಆಡಿಯೊ ಹರಿಬಿಟ್ಟಿದ್ದರು. ಗ್ಯಾಸ್ ನಿಂತೇ ಹೋಗುತ್ತದೆಂದು ಊರಿಗೆ ಊರೇ ಗಾಬರಿಬಿದ್ದಿತ್ತು. ನಮ್ಮ ಮೊಲ್ಡೋವಾಕ್ಕೆ ಈಗ ಪಕ್ಕದ ದೇಶದ ಯುದ್ಧ ಫೋನಿನೊಳಗಿಂದಲೂ ಬರುತ್ತದೆ. ಅಂಥ ಮೋಸ ಹಿಡಿಯಲು ಕಲಿಸುವುದು ಅವನ ಕೆಲಸ. ಆಗಾಗ ತಾನೇ ಸುಳ್ಳು ಸಂದೇಶ ಕಳಿಸಿ ನಮ್ಮನ್ನು ಪರೀಕ್ಷಿಸುತ್ತಿದ್ದ. ಪತ್ರಿಕಾ ವಿಭಾಗದ ಸ್ನೆಜಾನಾ, ಅಂದರೆ ನಾನು, ಒಮ್ಮೆಯೂ ಸಿಕ್ಕಿಬಿದ್ದವಳಲ್ಲ.

ಮಾರ್ಚ್ ಒಂದರಂದು, ನಮ್ಮಲ್ಲಿ ಎಲ್ಲರೂ ಮಾಡುವಂತೆ, ಅವನ ಕೋಟಿಗೆ ಕೆಂಪು-ಬಿಳಿ ದಾರ ಸಿಕ್ಕಿಸಿದ್ದೆ.

"ಎಷ್ಟು ದಿನ ಇದು?"

"ತಿಂಗಳು ಪೂರ್ತಿ. ಆಮೇಲೆ ಹೂ ಬಿಟ್ಟ ಮರಕ್ಕೆ ಕಟ್ಟಿ, ಬೇಕಾದ್ದು ಬೇಡ್ಕೊಳ್ಳಿ."

"ಏನು ಬೇಕಾದ್ರೂ?"

ಆ ಬೂದುಗಣ್ಣು ನನ್ನ ಮೇಲೆ ತುಸು ಹೆಚ್ಚೇ ಹೊತ್ತು ನಿಂತಿತು. ನನ್ನ ಕಿವಿ ಬಿಸಿಯಾಯಿತು.

"ದುರಾಸೆ ಪಡಬೇಡಿ" ಎಂದೆ.

ಮಾರ್ಚ್ ಕೊನೆಯ ದಿನ ಅವನ ಅವಧಿ ಮುಗಿಯಿತು. ಸಂಜೆಯ ಮಿನಿಬಸ್ಸಿಗೆ ಹೊರಡುವವನಿದ್ದ. ನನಗೆ ಊಟ ಸೇರಲಿಲ್ಲ. ಅಷ್ಟರಲ್ಲಿ ಗೊತ್ತಿಲ್ಲದ ನಂಬರಿನಿಂದ ಸಂದೇಶ: "ನಾನು ಅರ್ವೀದಾಸ್. ಈಗಲೇ ಪುರಸಭೆ ಹಿಂದಿನ ಏಪ್ರಿಕಾಟ್ ಮರದ ಕೆಳಗೆ ಬನ್ನಿ. ಯಾರಿಗೂ ಹೇಳಬೇಡಿ. ತಡವಾದರೆ ಅವಕಾಶ ಇಲ್ಲ."

ಗೊತ್ತಿಲ್ಲದ ನಂಬರು, ಗುಟ್ಟು, ಅವಸರ! ಪಾಠದಲ್ಲಿದ್ದ ಲಕ್ಷಣವೆಲ್ಲ ಅಲ್ಲೇ ಇತ್ತು. ಹೋಗುವ ದಿನವೂ ಪರೀಕ್ಷೆಯೇ, ಕಲ್ಲುಹೃದಯದವನೇ! ಸಿಟ್ಟು ನೆತ್ತಿಗೇರಿತು. "ಸುಳ್ಳು. ನಂಬುವಂಥದ್ದಲ್ಲ" ಎಂದು ಬರೆದು ಅವನ ಇಮೇಲಿಗೇ ದೂರು ಕಳಿಸಿದೆ.

ಕೂಡಲೇ ಅವನ ಉತ್ತರ ಬಂತು: "ಸರಿಯಾಗಿ ಗುರುತಿಸಿದಿರಿ. ಧನ್ಯವಾದ."

ಕಂಪ್ಯೂಟರ್ ವಿಭಾಗದ ಅಗಾಫಿಯಾ ಆಂಟಿಗೆ ಫೋನ್ ತೋರಿಸಿ ಅವನನ್ನು ಚೆನ್ನಾಗಿ ಬೈದೆ. ಆಂಟಿ ಕನ್ನಡಕ ಏರಿಸಿದರು.

"ಪರೀಕ್ಷೆ ಎಲ್ಲಿಂದ ಬಂತೇ? ಅದೆಲ್ಲ ಹೋದ ವಾರಾನೇ ನಿಲ್ಸಿದ್ವಿ. ಆಫೀಸಿನ ಫೋನನ್ನ ಬೆಳಗ್ಗೇನೇ ನನ್ನ ಕೈಗೆ ಕೊಟ್ಟಿದ್ದಾನೆ. ಇದು ಅವನ ಸ್ವಂತ ನಂಬರು, ಪೆದ್ದಿ!"

"ಅಯ್ಯೋ ದೇವರೇ! ಈಗೇನ್ಮಾಡ್ಲಿ ಆಂಟಿ?"

"ಅವನೇ ಹೇಳ್ಕೊಟ್ಟಿಲ್ವಾ? ಅನುಮಾನ ಇದ್ರೆ ಎದುರಿಗೆ ಹೋಗಿ ಕೇಳಿ ಅಂತ. ಓಡೇ!"

ಓಡಿದೆ. ಮರದ ತುಂಬ ಹೂ. ಬೆಂಚಿನ ಮೇಲೆ ತೆರೆದಿದ್ದ ಲ್ಯಾಪ್‌ಟಾಪಿನಲ್ಲಿ ನನ್ನ ದೂರು. ಅವನು ತಲೆ ತಗ್ಗಿಸಿ ಕೋಟಿನ ದಾರ ಬಿಚ್ಚುತ್ತಿದ್ದ.

"ಖಚಿತ ಮಾಡ್ಕೊಳ್ಳೋಕೆ ಬಂದೆ" ಎಂದೆ ಏದುಸಿರಿನಲ್ಲಿ. "ಆ ಸಂದೇಶ ನಿಮ್ಮದೇನಾ?"

"ನಂದೇ. ನೀವು ಬೇಡ ಅಂತಿದ್ದೀರಿ ಅಂದ್ಕೊಂಡೆ."

"ಅದಕ್ಕೆ ಧನ್ಯವಾದ ಹೇಳಿ ಹೊರಟುಬಿಡೋದಾ? ಏನ್ ಹೇಳ್ಬೇಕಿತ್ತು, ಬಾಯಿ ಬಿಡಿ."

ಅವನ ಮುಖ ಕೆಂಪಾಯಿತು. "ನಿಮ್ಮನ್ನ ಪ್ರೀತಿಸ್ತೀನಿ, ಸ್ನೆಜಾನಾ. ಇನ್ನೊಂದು ವರ್ಷ ಇಲ್ಲೇ ಇರ್ತೀಯಾ ಅಂತ ಮಿಷನ್‌ನವರು ಕೇಳಿದ್ದಾರೆ. ಸಂಜೆಯೊಳಗೆ ಹೇಳ್ಬೇಕು. ನಿಮ್ಮನ್ನ ಕೇಳ್ದೆ ಏನಂತ ಹೇಳ್ಲಿ?"

ದಾರವನ್ನು ಅವನ ಕೈಯಿಂದ ತೆಗೆದುಕೊಂಡು ಕೊಂಬೆಗೆ ಕಟ್ಟಿದೆ. ಪಕ್ಕದಲ್ಲೇ ನನ್ನದನ್ನೂ ಕಟ್ಟಿದೆ.

"ಏನು ಬೇಡ್ಕೊಂಡ್ರಿ?"

"ಮೊದ್ಲು ಅವರಿಗೆ ಇರ್ತೀನಿ ಅಂತ ಉತ್ತರ ಬರಿ, ಮಾರಾಯ" ಎಂದೆ.

ಬರೆದ. ಕಳಿಸುವ ಮುಂಚೆ ಅವನ ಭುಜಕ್ಕೆ ಗಲ್ಲವೂರಿ ಒಂದೊಂದು ಅಕ್ಷರವನ್ನೂ ನಾನೇ ಓದಿ ನೋಡಿದೆ. ಅನುಮಾನ ಪಡುವಂಥದ್ದು ಏನೂ ಇರಲಿಲ್ಲ.