ಅಜ್ಜಂಪುರವನ್ನು ಅಳಿಸಿದ ಹಾಡು

ಬೀರೂರು ಬಸ್ಸಿನ ಡ್ರೈವರ್ ಎಂಜಿನ್ ಶುರು ಮಾಡುವ ಮೊದಲು ಮೊಬೈಲಿನಲ್ಲಿ ಒಂದು ಹಾಡು ಹಾಕಿದ. ಎರಡನೇ ಸಾಲಿಗೇ ಪ್ರಜ್ಞಾ ಸೀಟಿನಿಂದ ಎದ್ದು ನಿಂತಳು.

"ನಿಲ್ಸಿ! ನಿಲ್ಸಣ್ಣಾ! ಅದು ನನ್ ಹಾಡು!"

ಬಸ್ಸಿನಲ್ಲಿದ್ದವರು ನಕ್ಕರು. ಹಾಡುತ್ತಿದ್ದದ್ದು ಗಂಡು ದನಿ — ಬೆಂಗಳೂರಿನ ನಯವಾದ ದನಿ. ಪಕ್ಕದಲ್ಲಿ ಕೂತಿದ್ದ ತ್ರಿವೇಣಿ ಮಾತ್ರ ನಗಲಿಲ್ಲ. ಆಕೆ ಹೆಡ್ ಕಾನ್‌ಸ್ಟೇಬಲ್. ವಾರದ ರಜೆಯೆಂದು ಬೀರೂರಿನ ತಂಗಿಯ ಮನೆಗೆ ಹೊರಟಿದ್ದಳು. ಹದಿನೆಂಟು ವರ್ಷದ ನೌಕರಿಯಲ್ಲಿ ನಾಟಕದ ಅಳುವನ್ನೂ ನಿಜದ ಅಳುವನ್ನೂ ಸಾಕಷ್ಟು ಕಂಡವಳು. ಎದುರು ಮನೆಯ ಈ ಹುಡುಗಿ ಅಳುತ್ತಿರಲಿಲ್ಲ. ಆದರೆ ಮುಂದಿನ ಸೀಟಿನ ಸರಳು ಹಿಡಿದ ಅವಳ ಬೆರಳು ಬೆಳ್ಳಗಾಗಿದ್ದವು.

"ಇಳಿ ಪ್ರಜ್ಞಾ," ಎಂದಳು ತ್ರಿವೇಣಿ. "ಕೆಳಗೆ ಮಾತಾಡಣ."

ಪ್ರಜ್ಞಾ ಅಜ್ಜಂಪುರದ ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುವವಳು. ಬಿಡುವಿನಲ್ಲಿ ರ‍್ಯಾಪ್ ಬರೆಯುತ್ತಾಳೆಂಬುದು ಬೀದಿಗೆಲ್ಲ ಗೊತ್ತಿತ್ತು. ಅಂದು ಸಂಜೆ ಐದಕ್ಕೆ ಕಡೂರಿನಲ್ಲಿ ಸ್ಪರ್ಧೆಯ ಕೊನೆಯ ಸುತ್ತು. ಉಳಿದ ಐವರಲ್ಲಿ ಅವಳೊಬ್ಬಳೇ ಹುಡುಗಿ. ಹಾಡಬೇಕಿದ್ದದ್ದು ಇದೇ ಹಾಡು. ಇನ್ನೂ ಯಾರಿಗೂ ಕೇಳಿಸಿರಲಿಲ್ಲ. ಈಗ ಹೆಸರು ವಿಳಾಸವಿಲ್ಲದ ಒಂದು ಚಾನೆಲ್ಲಿನಲ್ಲಿ ನಿನ್ನೆ ರಾತ್ರಿಯಿಂದ ನಲವತ್ತು ಸಾವಿರ ಜನ ಕೇಳಿಬಿಟ್ಟಿದ್ದರು.

"ನಿಂದು ಅಂತ ಹೆಂಗ್ ಹೇಳ್ತೀಯ?"

ಪ್ರಜ್ಞಾ ಬಸ್ ನಿಲ್ದಾಣದ ಕಂಬಕ್ಕೆ ಒರಗಿ, ಹಲ್ಲು ಕಚ್ಚಿ ಹೇಳಿದಳು:

"ಬತ್ತೀನಿ ಕಣೋ ಬತ್ತೀನಿ, ಅಜ್ಜಂಪುರದಿಂದ ಬತ್ತೀನಿ. ತಮಟೆ ಬೇಕು ಹಬ್ಬಕ್ಕೆ, ಬಡಿಯೋ ಕೈ ಬ್ಯಾಡ್ವಾ ಪಡಸಾಲೆಗೆ? — ಇದು ನಾನ್ ಬರೆದಿದ್ದು ಅಕ್ಕ. ಅವ್ರು ಏನ್ ಮಾಡವ್ರೆ ಕೇಳಿ."

ಮೊಬೈಲಿನಲ್ಲಿ ಆ ನಯವಾದ ದನಿ ಹಾಡಿತು: ಬರ್ತೀನಿ ನೋಡು ಬರ್ತೀನಿ, ನಮ್ಮೂರಿಂದ ಬರ್ತೀನಿ. ತಮಟೆ ಬೇಕು ಹಬ್ಬಕ್ಕೆ, ಕುಣಿಯೋ ಕಾಲು ಬೇಕು ಪಾರ್ಟಿಗೆ.

ತ್ರಿವೇಣಿಗೆ ರ‍್ಯಾಪ್ ಎಂದರೆ ದೊಗಳೆ ಪ್ಯಾಂಟಿನ ಹುಡುಗರ ಗಲಾಟೆ ಅಷ್ಟೇ ಆಗಿತ್ತು. ಆದರೂ ಎರಡು ಹಾಡುಗಳ ನಡುವೆ ಏನು ಹೋಯಿತೆಂದು ಆಕೆಗೂ ತಿಳಿಯಿತು. ಊರೂ ಹೋಗಿತ್ತು. ಪ್ರಶ್ನೆಯೂ ಹೋಗಿತ್ತು.

ಅಷ್ಟರಲ್ಲಿ ಪ್ರಜ್ಞಾಳ ಫೋನು ಬಡಿದುಕೊಂಡಿತು. ಕಡೂರಿನಿಂದ, ಸ್ಪರ್ಧೆಯ ಹೊಣೆ ಹೊತ್ತಿದ್ದ ಮಲ್ಲಿಕಾರ್ಜುನ. ಮೇಷ್ಟ್ರಾಗಿದ್ದವರು, ಮಾತು ಖಡಕ್ಕು.

"ನೋಡಮ್ಮ, ಆ ಹಾಡು ನಿಂದು ಅಂತ ಬಸ್ಸಲ್ಲಿ ಕೂಗಿದ್ಯಂತೆ, ಕದ್ದಿದ್ದು ನೀನೇ ಅಂತ ಮೂರು ಜನ ಫೋನ್ ಮಾಡಿದ್ರು. ಕಂಪ್ಯೂಟರಲ್ಲಿ ತಾರೀಖು ಯಾರು ಬೇಕಾದ್ರೂ ತಿದ್ತಾರೆ, ಅದು ತೋರಿಸಬೇಡ. ನಿಂದೇ ಆದ್ರೆ ಹೊರಗೆ ಹೋಗಿದ್ದು ಹೇಗೆ? ಐದು ಗಂಟೆಯೊಳಗೆ ಹೇಳು. ಇಲ್ಲಾಂದ್ರೆ ಹೆಸರು ತೆಗೀಬೇಕಾಗುತ್ತೆ."

ಗಂಟೆ ಆಗಲೇ ಒಂದಾಗಿತ್ತು.

ಇಬ್ಬರೂ ಮನೆಗೆ ಬಂದಾಗ ಜಗಲಿಯ ಮೇಲೆ ಪ್ರಜ್ಞಾಳ ಅಜ್ಜಿ ಹನುಮಂತಮ್ಮ ಹುಣಸೆಹಣ್ಣು ಬಿಡಿಸುತ್ತಿದ್ದಳು. ಒಳಗೆ ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಅಜ್ಜ ಮುನಿಯಪ್ಪನ ತಮಟೆ. ಅಜ್ಜ ಹೋಗಿ ಎರಡು ವರ್ಷ. ಈಗ ಅದನ್ನು ಬಡಿಯುವವನು ಚಿಕ್ಕಪ್ಪನ ಮಗ ಚಂದ್ರಕುಮಾರ್. ಹಾಡು ಕೇಳಿದ್ದೇ ಅವನ ಮುಖ ಕೆಂಪಾಯಿತು.

"ತೀರ್ಥೇಶ! ಇನ್ಯಾರು? ನಮ್ ರೆಕಾರ್ಡಿಂಗ್ ಎಲ್ಲಾ ಅವನ ಕಂಪ್ಯೂಟರ್‌ನಾಗೆ ಐತೆ. ತೆಂಗಿನ ತೋಟದೋರ ಮಗ, ಪಡಸಾಲೆ ಮಾತು ಕೇಳಿ ಉರ್ಕೊಂಡವ್ನೆ!"

"ರೆಕಾರ್ಡಿಂಗ್ ದಿನ ಯಾರ‍್ಯಾರು ಇದ್ರಿ?" ತ್ರಿವೇಣಿ ಕೇಳಿದಳು.

"ನಾಲ್ಕೇ ಜನ," ಎಂದಳು ಪ್ರಜ್ಞಾ. "ನಾನು, ಚಂದ್ರಣ್ಣ, ತೀರ್ಥೇಶ್, ಆಮೇಲೆ ಸ್ಪೂರ್ತಿ. ಫೋಟೋ ತೆಗೆಯಕ್ಕೆ ಬಂದಿದ್ಲು. ಪಿಯುಸಿಯಿಂದ ನನ್ ಫ್ರೆಂಡು."

"ನೀನು ಯಾರಿಗೂ ಕೊಟ್ಟಿಲ್ವೇನಪ್ಪಾ ಚಂದ್ರು? ನಿನ್ನ ಹೆಸರು ಹಾಡಿನ ಮೇಲೆ ಬರ್ಲಿಲ್ಲ ಅಂತ ಜಗಳ ಆಡಿದ್ಯಂತೆ?"

"ಆಡಿದ್ದೆ. ಹೆಸರು ಹಾಕಿದ್ರು. ಮುಗೀತು." ಅವನು ನೇರವಾಗಿ ನೋಡಿದ. "ನಮ್ ತಾತನ ತಮಟೆ ಕಣಕ್ಕ ಅದು. ಮಾರ್ತೀನಾ?"

ಮೊಬೈಲಿನಲ್ಲಿ ಹಾಡು ಇನ್ನೂ ಬಡಿಯುತ್ತಲೇ ಇತ್ತು. ಹನುಮಂತಮ್ಮ ಹುಣಸೆಹಣ್ಣು ಬಿಟ್ಟು ಕಿವಿಗೊಟ್ಟಳು.

"ತಮಟೆ ಯಾಕ್ರವ್ವಾ ಹಿಂಗೆ ಮುಲುಗ್ತದೆ? ಜ್ವರ ಬಂದಂಗೆ?"

"ಫೋನಿನ ಸದ್ದು ಹಂಗೇ ಕಣಜ್ಜಿ," ಎಂದು ಪ್ರಜ್ಞಾ ಅದನ್ನು ಆರಿಸಿದಳು.

ಚಂದ್ರಕುಮಾರ್ ಅಷ್ಟರಲ್ಲಿ ಬೀದಿಗೆ ಇಳಿದಿದ್ದ. ಗೆಳೆಯರ ಮೂರು ಬೈಕು ಬಂದು ನಿಂತವು. ತೀರ್ಥೇಶನ ಸ್ಟುಡಿಯೋ ಇರುವ ತರೀಕೆರೆಯ ಕಡೆ ತಿರುಗಿದವು. ತ್ರಿವೇಣಿ ಮನೆಗೆ ಓಡಿ ಸ್ಕೂಟಿ ಹೊರತೆಗೆದಳು.

"ಹತ್ತು ಪ್ರಜ್ಞಾ! ಅವನು ಗಾಜು ಒಡೆದ್ರೆ ನಿನ್ನ ಹಾಡು ಯಾರೂ ಕೇಳಲ್ಲ. ಜಗಳದ ಕಥೆ ಕೇಳ್ತಾರೆ."

ದಾರಿಯಲ್ಲಿ ಹಿಂದೆ ಕೂತ ಪ್ರಜ್ಞಾ ಸ್ಪೂರ್ತಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು. ತ್ರಿವೇಣಿ ಗಾಡಿ ನಿಲ್ಲಿಸಿ, ತಾನು ಯಾರೆಂದು ಹೇಳಿ, ತಾನೇ ಕೇಳಿದಳು.

"ಅವತ್ತು ಹಾಡು ಕೇಳಿದ್ಯೇನಮ್ಮ ನೀನು?"

"ಇಲ್ಲ ಮೇಡಂ." ದನಿ ಅವಸರದಲ್ಲಿತ್ತು. "ನಾನು ಅವತ್ತು ಬೇಗ ಹೊರಟೆ, ಕಡೂರಿಗೆ ಬಸ್ ಇತ್ತು. ನಾನು ಮೆಟ್ಟಿಲು ಇಳಿಯೋವಾಗ ಚಂದ್ರಣ್ಣ ಕೆಳಗೆ ಪೇಪರ್ ಸುಟ್ಟು ತಮಟೆ ಕಾಯಿಸ್ತಿದ್ರು. ರೆಕಾರ್ಡಿಂಗ್ ಆಮೇಲೆ ತಾನೇ ಶುರು ಆಗಿದ್ದು? ನಾನು ಬರೀ ಫೋಟೋ ತೆಗೆದಿದ್ದು."

ಮಾತು ಸರಿಯಾಗಿಯೇ ಇತ್ತು. ಬೇಗ ಹೋಗಿದ್ದು ಹೌದೆಂದು ಪ್ರಜ್ಞಾ ತಲೆ ಆಡಿಸಿದಳು.

ತರೀಕೆರೆಯಲ್ಲಿ ಕೊಬ್ಬರಿ ಗೋದಾಮಿನ ಮೇಲಿನ ಒಂದು ಕೋಣೆಯೇ ತೀರ್ಥೇಶನ ಸ್ಟುಡಿಯೋ. ಗೋಡೆಗೆಲ್ಲ ಗೋಣಿಚೀಲ ಹೊಡೆದಿದ್ದ. ಮೆಟ್ಟಿಲ ಬುಡದಲ್ಲಿ ಚಂದ್ರಕುಮಾರ್ ಮತ್ತು ಐವರು. ಮೇಲೆ, ಬಾಗಿಲಿಗೆ ಅಡ್ಡವಾಗಿ, ಬಿಳಿಚಿಕೊಂಡ ತೀರ್ಥೇಶ್. ಒಬ್ಬನ ಕೈಯಲ್ಲಿ ಇಟ್ಟಿಗೆ.

"ಇಳಿಸೋ ಅದನ್ನ," ಎಂದಳು ತ್ರಿವೇಣಿ. ಸಮವಸ್ತ್ರ ಇರಲಿಲ್ಲ, ದನಿ ಇತ್ತು. "ಐದು ಗಂಟೆ ತನಕ ಟೈಮ್ ಕೊಡು ಚಂದ್ರು. ಆಮೇಲೂ ನಂಗೆ ಗೊತ್ತಾಗದಿದ್ರೆ ನಾನೇ ಠಾಣೆಗೆ ಕರ್ಕೊಂಡು ಹೋಗ್ತೀನಿ."

"ಐದಕ್ಕೆ ಒಂದು ನಿಮಿಷ ಆದ್ರೂ ನಾ ಕೇಳಲ್ಲ."

ಒಳಗೆ ತೀರ್ಥೇಶ್ ಕಂಪ್ಯೂಟರ್ ತೆರೆದು ತೋರಿಸಿದ.

"ಎಲ್ಲಾ ಫೈಲೂ ಇದಾವೆ ಮೇಡಂ. ನಾನು ಯಾರಿಗೂ ಕಳಿಸಿಲ್ಲ. ಪಡಸಾಲೆ ಸಾಲು ಕೇಳಿ ನಂಗೆ ಕಷ್ಟ ಆಯ್ತು, ಸುಳ್ಳು ಹೇಳಲ್ಲ. ಅದು ನಮ್ಮನೆ ಪಡಸಾಲೆನೇ. ಆದ್ರೂ ತೆಗಿ ಅನ್ಲಿಲ್ಲ. ಆ ಸಾಲಿಗೋಸ್ಕರಾನೇ ನಾನು ಹಾಡು ಮಾಡಿದ್ದು."

"ಬೇರೆ ಯಾರಾದ್ರೂ ಫೋನಿನಲ್ಲಿ ಕದ್ದು ರೆಕಾರ್ಡ್ ಮಾಡಿರಬಹುದಾ?"

"ಆಗಲ್ಲ. ಒಳಗೆ ಬಂದೋರ ಫೋನೆಲ್ಲ ಆರಿಸಿ ಆ ಬುಟ್ಟಿಗೆ ಹಾಕಿಸ್ತೀನಿ. ಇಲ್ಲಾಂದ್ರೆ ಮೈಕಲ್ಲಿ ಕಿರ್ ಅನ್ನುತ್ತೆ."

ಹಾಗಾದರೆ ಉಳಿದವನು ಇವನೊಬ್ಬನೇ. ಕಿಟಕಿಯ ಕೆಳಗೆ ಬೈಕುಗಳು ಗುರುಗುಟ್ಟುತ್ತಿದ್ದವು. ತ್ರಿವೇಣಿ ಕುರ್ಚಿ ಎಳೆದು ಕೂತಳು.

"ನಿನ್ನ ಹಾಡನ್ನ ಇವಳ ಫೋನಿಗೆ ಕಳಿಸು. ಇದೇ ಫೋನಲ್ಲಿ ಕೇಳಬೇಕು."

ಕಳಿಸಿದ. ಪ್ರಜ್ಞಾ ಒತ್ತಿದಳು. ಅದೇ ಫೋನು, ಅದೇ ಪುಟ್ಟ ಸ್ಪೀಕರು — ತಮಟೆ ಟಣ್ಣನೆ ಎದ್ದಿತು. ಗೋಣಿಚೀಲದ ಕೋಣೆಯಲ್ಲಿ ಮೂವರ ಎದೆಗೂ ನೇರ ಬಡಿಯಿತು. ಆಮೇಲೆ ಕದ್ದ ಹಾಡು. ಅದರಲ್ಲಿ ತಮಟೆ ದಬ್, ದಬ್ ಎಂದು ಜೋತುಬಿದ್ದಿತ್ತು.

ತ್ರಿವೇಣಿ ಎದ್ದು ನಿಂತಳು.

"ಅವ್ರೇ ಏನೋ ಎಫೆಕ್ಟ್ ಹಾಕಿ ಹಾಳು ಮಾಡವ್ರೆ ಅಂದ್ಕೊಂಡೆ," ಎಂದ ತೀರ್ಥೇಶ್.

"ಚೆನ್ನಾಗಿರೋದನ್ನ ಕದ್ದು ಯಾರಾದ್ರೂ ಕೆಡಿಸ್ಕೊಂತಾರಾ? ತಮಟೆ ಕಾಯಿಸೋಕೆ ಮೊದಲು ಏನಾದ್ರೂ ಬಾರಿಸಿದ್ರಾ?"

"ಬಾರಿಸಿದ್ರು. ತಮಟೆ ಒಂದೇ ಒಂದು ಸುತ್ತು, ಆಮೇಲೆ ಹಾಡೂ ಪೂರ್ತಿ. ಬರೀ ಪ್ರಾಕ್ಟೀಸು. ಸದ್ದು ಸರಿ ಇರ್ಲಿಲ್ಲ, ನಾನು ರೆಕಾರ್ಡ್ ಬಟನ್ನೇ ಒತ್ತಿಲ್ಲ. ಕಾಯಿಸ್ಕೊಂಡು ಬನ್ನಿ ಅಂದೆ."

"ನಡೀರಿ ಕಡೂರಿಗೆ," ಎಂದಳು ತ್ರಿವೇಣಿ. "ತೀರ್ಥೇಶ್, ನೀನೂ ಬಾ. ಚಂದ್ರುನ ಬೈಕಲ್ಲೇ ಕೂತ್ಕೋ."

ಕಡೂರಿನ ಸಭಾಂಗಣ ಮುಟ್ಟಿದಾಗ ನಾಲ್ಕೂ ಮುಕ್ಕಾಲು. ದಾರಿಯುದ್ದಕ್ಕೂ ಚಂದ್ರಕುಮಾರ್ ಕಂಡ ಹಳ್ಳಕ್ಕೆಲ್ಲ ಬೈಕು ಹಾರಿಸಿದ್ದ. ಆದರೂ ಬೆನ್ನ ಹಿಂದೆ ಕೂತ ತೀರ್ಥೇಶನನ್ನು ಬೀಳಿಸಿರಲಿಲ್ಲ. ವೇದಿಕೆಯ ಹಿಂದಿನ ಕೋಣೆಯಲ್ಲಿ ಮಲ್ಲಿಕಾರ್ಜುನ ಪಟ್ಟಿ ಹಿಡಿದು ಕೂತಿದ್ದರು, ಪೆನ್ನಿನ ಮುಚ್ಚಳ ತೆಗೆದು. ಸ್ಪರ್ಧೆಯ ಫೋಟೋ ತೆಗೆಯಲು ಬಂದಿದ್ದ ಸ್ಪೂರ್ತಿ ಮೂಲೆಯಲ್ಲಿ ಫೋನು ನಿಲ್ಲಿಸುವ ಸ್ಟ್ಯಾಂಡ್ ಬಿಚ್ಚುತ್ತಿದ್ದಳು.

"ಯಾರು ಅಂತ ಗೊತ್ತಾಯ್ತಾ?" ಮಲ್ಲಿಕಾರ್ಜುನ ಕೇಳಿದರು.

"ಗೊತ್ತಾಯ್ತು ಸಾರ್. ಮನೆಯಲ್ಲೇ ಇವರಜ್ಜಿ ಹೇಳಿದ್ರು, ನಾವೇ ಕಿವಿಗೆ ಹಾಕ್ಕೊಳ್ಳಲಿಲ್ಲ. ತಮಟೆ ಮುಲುಗ್ತಿದೆ ಅಂದ್ರು. ಐವತ್ತು ವರ್ಷ ಗಂಡನ ಪಕ್ಕ ಕೂತು ಕೇಳಿದ ಕಿವಿ. ಚರ್ಮದ ತಮಟೆಗೆ ಬೆಂಕಿ ತಾಗಿದ ಮೇಲೇ ದನಿ. ತೀರ್ಥೇಶ್ ರೆಕಾರ್ಡ್ ಮಾಡಿದ್ದು ಕಾಯಿಸಿದ ತಮಟೆ. ಕಳವಾಗಿದ್ದು ಕಾಯಿಸದ ತಮಟೆ; ಪ್ರಾಕ್ಟೀಸಿನ ಆ ಒಂದು ಸುತ್ತನ್ನೇ ಕತ್ತರಿಸಿ ಬೆಂಗಳೂರಿನ ದನಿಯ ಕೆಳಗೆ ಹಾಕ್ಕೊಂಡಿದಾರೆ. ಇವನೇ ಕಳ್ಳ ಆಗಿದ್ರೆ ಒಳ್ಳೇದನ್ನ ಇಟ್ಕೊಂಡು ಕೆಟ್ಟದ್ದನ್ನ ಯಾಕೆ ಕಳಿಸ್ತಿದ್ದ? ಕಳ್ಳರ ಹತ್ರ ಇದ್ದಿದ್ದು ಅದೊಂದೇ. ಅಂದ್ರೆ ತಮಟೆ ಕಾಯಿಸೋ ಹೊತ್ತಿಗೆ ಅವರು ಎದ್ದು ಹೋಗಿದ್ರು."

ತ್ರಿವೇಣಿ ಮೂಲೆಯ ಕಡೆ ತಿರುಗಲಿಲ್ಲ.

"ಎಲ್ಲರ ಫೋನೂ ಬುಟ್ಟಿಯಲ್ಲಿತ್ತು ಅಂದ ತೀರ್ಥೇಶ್. ಎಲ್ಲರದ್ದೂ ಇರ್ಲಿಲ್ಲ. ಫೋಟೋ ತೆಗೆಯೋರ ಫೋನು ಕೈಯಲ್ಲೇ ಇರುತ್ತೆ. ಅದೇ ತಾನೇ ಕ್ಯಾಮೆರಾ! ಅದನ್ನ ಅವನೂ ಫೋನು ಅಂತ ಎಣಿಸ್ಲಿಲ್ಲ. ಕಾಯಿಸೋವಾಗ ಮೆಟ್ಟಿಲು ಇಳಿದೆ ಅಂತ ನೀನೇ ಹೇಳಿದ್ಯಲ್ಲಮ್ಮ ಸ್ಪೂರ್ತಿ. ಹಾಡು ಕೇಳೇ ಇಲ್ಲ ಅಂದೆ. ಅದಕ್ಕೆ ಮೊದಲೇ ಒಂದು ಸಲ ಪೂರ್ತಿ ಹಾಡಿ ಆಗಿತ್ತು. ನಿನ್ನೆದುರಿಗೇ."

ಸ್ಪೂರ್ತಿಯ ಕೈಯಿಂದ ಸ್ಟ್ಯಾಂಡ್ ಜಾರಿತು.

"ಫೋಟೋ ಅಷ್ಟೇ ಮೇಡಂ..."

"ಅಳಿಸಿದ ವಿಡಿಯೋ ತಿಂಗಳ ತನಕ ಫೋನಿನ ಕಸದ ಬುಟ್ಟಿಯಲ್ಲಿ ಇರುತ್ತೆ. ನಾನಾಗೇ ಕಿತ್ಕೊಳ್ಳಲ್ಲ. ನೀನೇ ತೋರಿಸ್ತೀಯೋ, ದೂರು ಬರೆದ ಮೇಲೆ ಕೊಡ್ತೀಯೋ?"

ಬಾಗಿಲಾಚೆ ಮೈಕಿನವನು ಒಂದು, ಎರಡು ಎನ್ನುತ್ತಿದ್ದ. ಸ್ಪೂರ್ತಿ ಫೋನು ತೆಗೆದಳು. ಎರಡು ಸಲ ತಪ್ಪು ನಂಬರು ಒತ್ತಿದಳು. ಮೂರನೇ ಸಲಕ್ಕೆ ತೆರೆಯಿತು. ನಾಲ್ಕು ನಿಮಿಷದ ವಿಡಿಯೋ: ಗೋಣಿಚೀಲದ ಗೋಡೆ, ಜೋತುಬಿದ್ದ ತಮಟೆ, ಕಣ್ಣು ಮುಚ್ಚಿ ಹಾಡುತ್ತಿದ್ದ ಪ್ರಜ್ಞಾ. ಮಲ್ಲಿಕಾರ್ಜುನ ಕನ್ನಡಕ ಸರಿಮಾಡಿಕೊಂಡು ಕೊನೆಯವರೆಗೂ ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿದರು.

ಚಂದ್ರಕುಮಾರ್ ತೀರ್ಥೇಶನ ಕಡೆ ನೋಡಿದ. "ತಪ್ಪಾಯ್ತು ಕಣೋ," ಎಂದ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ. ತೀರ್ಥೇಶನಿಗೆ ಕೇಳಿಸಿತು.

"ಬೆಂಗಳೂರಿನೋರು ಕ್ಯಾಮೆರಾ ಕೆಲಸ ಕೊಡ್ತೀವಿ ಅಂದ್ರು," ಸ್ಪೂರ್ತಿ ಅಳುತ್ತಿದ್ದಳು. "ಏನಾದ್ರೂ ಹೊಸದು ತಗೊಂಬಾ ಅಂದ್ರು. ನಿಮ್ ಭಾಷೆ ಹೊರಗಡೆಯೋರಿಗೆ ಅರ್ಥ ಆಗಲ್ಲ ಪ್ರಜ್ಞಾ. ಊರಿನ ಹೆಸರು, ಆ ಪಡಸಾಲೆ... ನಾನು ಸ್ವಲ್ಪ ಕ್ಲೀನ್ ಮಾಡಿ ಬರ್ಕೊಟ್ಟೆ, ಅಷ್ಟೇ ಕಣೇ. ಜಾಸ್ತಿ ಜನ ಕೇಳ್ಲಿ ಅಂತ."

ಪ್ರಜ್ಞಾ ಮೊದಲ ಸಲ ಅವಳ ಮುಖ ನೋಡಿದಳು.

"ಗಲೀಜು ಎಲ್ಲಿತ್ತು, ಸ್ಪೂರ್ತಿ?"

ಸ್ಪೂರ್ತಿ ಗೋಡೆಯ ಕಡೆ ತಿರುಗಿ ಸ್ಟ್ಯಾಂಡ್ ಮಡಚತೊಡಗಿದಳು.

ಸಭಾಂಗಣದಲ್ಲಿ ಜನರ ಗದ್ದಲ ಏರುತ್ತಿತ್ತು. ತ್ರಿವೇಣಿ ಪ್ರಜ್ಞಾಳ ಹೆಗಲು ಮುಟ್ಟಿದಳು.

"ದೂರು ಕೊಡ್ತೀಯೇನೇ?"

ಪ್ರಜ್ಞಾ ಒಂದು ಕ್ಷಣ ಗೆಳತಿಯ ಬೆನ್ನನ್ನೇ ನೋಡಿದಳು. ಐದು ವರ್ಷದ ಗೆಳೆತನ. ಒಂದೇ ಡಬ್ಬಿಯಲ್ಲಿ ಊಟ ಮಾಡಿದವರು. ತ್ರಿವೇಣಿಗೆ ಅನ್ನಿಸಿತು: ಬಿಟ್ಟುಬಿಡಿ ಎನ್ನುತ್ತಾಳೆ.

"ಕೊಡ್ತೀನಿ ಅಕ್ಕ," ಎಂದಳು ಪ್ರಜ್ಞಾ. "ಮೊದ್ಲು ಹಾಡ್ತೀನಿ. ಆಮೇಲೆ ನಾನೇ ಟೈಪ್ ಮಾಡಿ ಕೊಡ್ತೀನಿ."