ಒಂದೇ ಸಲ ದಾಟಿದ ಬಳೆ

ಚಾಕುವಿನ ಮೊನೆ ನನ್ನ ಸೊಂಟಕ್ಕೆ ತಾಗಿತ್ತು. ಕೈಯಲ್ಲಿ ಸ್ಟೀಲಿನ ಬಳೆ. ಸೈಕಲ್ ಗಾಲಿಗಿಂತ ದೊಡ್ಡದು.

ಎದುರಿಗೆ ನಾಲ್ಕುನೂರು ಮಂದಿ!

"ಬಳಿ ದಾಟಸು, ಗುಡದಪ್ಪಾ." ಕರಿ ಪರದೆಯ ಸೀಳಿನಿಂದ ಕೊಟ್ರೇಶ ಪಿಸುಗುಟ್ಟಿದ. "ಶಾಣ್ಯಾತನ ಮಾಡಿದ್ಯೋ... ಕರುಳು ಕೈಯಾಗ ಹಿಡಕೊಂಡು ರಾಣೆಬೆನ್ನೂರಿಗೆ ಹೊಕ್ಕಿ."

"ಬಸ್ಸಿನ್ಯಾಗ ಸೀಟು ನೀನ ಹಿಡದು ಕೊಡ್ತಿಯೇನು?"

ಮೊನೆ ಅಂಗಿ ದಾಟಿತು. ಬಿಸಿ ರಕ್ತ ಇಳಿಯಿತು. ಬಳೆ ಎತ್ತಿದೆ.

ನನ್ನ ಎದೆಯೆತ್ತರಕ್ಕೆ, ಬರೀ ಗಾಳಿಯಲ್ಲಿ, ಸುಧಾರಾಣಿ ಮಲಗಿದ್ದಳು. ಹಸಿರು ಸೀರೆ. ಹಣೆ ತುಂಬ ಕುಂಕುಮ. ಬ್ಯಾಡಗಿಯ ಈ ಹಳೇ ಮೆಣಸಿನಕಾಯಿ ಗೋದಾಮಿನಲ್ಲಿ ಅವಳೀಗ ದೇವಿ. ಮಾರ್ಕೆಟ್ ದಿನ ಮುಂಜಾನೆಯಿಂದ ಸಂಜೆತನಕ ತೇಲುವ ದೇವಿ!

ಹೇಗೆ ತೇಲುತ್ತಾಳೆ ಅಂತೀರಾ?

ಬೆನ್ನ ಕೆಳಗೆ ಗೇಣಗಲದ ಕಬ್ಬಿಣದ ತಗಡು. ಸೊಂಟಕ್ಕೆ ಬೆಲ್ಟು. ತಗಡಿನಿಂದ ಒಂದು ಸರಳು, ಕರಿ ಪರದೆಯ ಮುಂದೆ ಕಾಣದ ಹಾಗೆ ಕರಿ ಬಟ್ಟೆ ಸುತ್ತಿಕೊಂಡು, ಹಿಂದಿನ ಸ್ಟ್ಯಾಂಡಿಗೆ. ಇಷ್ಟೇ.

ಆ ಸರಳು ಬಗ್ಗಿಸಿ ವೆಲ್ಡ್ ಮಾಡಿದವನು ನಾನು. ಹದಿನೆಂಟು ವರ್ಷದ ಹಿಂದೆ, ಜಾದೂಗಾರ ಶಮಶೇರಸಾಬರ ಕಂಪನಿಗೆ. ಸಾಬರು ಆಟ ಮುಗಿದ ಮೇಲೆ ಕೈಮುಗಿದು ಹೇಳುತ್ತಿದ್ದರು: "ಇದು ಬರೇ ಕೈಚಳಕ ಐತ್ರಿ. ದೇವ್ರು ಬ್ಯಾರೆ ಅದಾನ."

ಸಾಬರು ತೀರಿಕೊಂಡರು. ಪರದೆ ಎಳೆಯುತ್ತಿದ್ದ ಕೊಟ್ರೇಶ ಸರಳು ಹೊತ್ತುಕೊಂಡು ಬಂದ. ಆ ಕೊನೆಯ ಮಾತನ್ನು ಮಾತ್ರ ಅಲ್ಲೇ ಬಿಟ್ಟು ಬಂದ.

ಮೂರು ದಿನದ ಹಿಂದೆ ಸುಧಾರಾಣಿಯ ತಾಯಿ ಫಕ್ಕೀರವ್ವ ರಾಣೆಬೆನ್ನೂರಿನ ನನ್ನ ವೆಲ್ಡಿಂಗ್ ಶಾಪಿಗೆ ಬಂದಿದ್ದಳು. ಮೆಣಸಿನಕಾಯಿ ತೊಟ್ಟು ಬಿಡಿಸಿ ಬಿಡಿಸಿ ಬೆರಳೆಲ್ಲ ಕೆಂಪು. ಓಡಿಹೋದವರನ್ನು, ಕೂಡಿಹಾಕಿದವರನ್ನು ನಾನು ಕರೆದು ತರುತ್ತೇನೆ ಅಂತ ಯಾರೋ ಹೇಳಿದ್ದರಂತೆ. ಖರೇನೇ ಹೇಳಿದ್ದರು.

"ಗುಡದಪ್ಪಣ್ಣ, ಹುಡುಗಿ ಬಲಗಾಲು ಜೋಮು ಹಿಡದೈತಿ. ಆ ತಗಡಿನ ಮ್ಯಾಲ ಇನ್ನ ಮಲಗಿದ್ರ ಎರಡೂ ಕಾಲು ಹೊಕ್ಕಾವು ಅಂತ ಡಾಕ್ಟರು ಹೇಳ್ಯಾರ. ಕೊಟ್ರೇಶ ಬಿಡವಲ್ಲ. ಇಳಿಸ್ಕೊಂಡು ಬಾರಪಾ!"

ಮಾರ್ಕೆಟ್ ದಿನ ಮುಂಜಾನೆ ಗೋದಾಮಿನ ಹಿಂಬಾಗಿಲಿಂದ ನುಗ್ಗಿದೆ. ಸಿಕ್ಕಿಬಿದ್ದೆ. ಬಳೆ ದಾಟಿಸುವವನು ಅವತ್ತೇ ಕೈಕೊಟ್ಟು ಹೋಗಿದ್ದ. ಆ ಕೆಲಸ ಗೊತ್ತಿದ್ದವನು ಇನ್ನು ನಾನೊಬ್ಬನೇ. ಅದಕ್ಕೇ ಜೀವಂತ ಇದ್ದೆ!

ಸರಳು ನೇರ ಇಲ್ಲ, ಹಾವಿನ ಹಾಗೆ ಸೊಟ್ಟ. ಬಳೆ ಒಂದು ಸಲ ತಲೆಯಿಂದ ಕಾಲಿನ ತನಕ ದಾಟಿದರೆ ಆ ತಿರುವಿನಲ್ಲಿ ಸಿಕ್ಕಿಕೊಂಡಿರುತ್ತದೆ. ಹಿಂದಿನಿಂದ ತಿರುಗಿಸಿ ತಂದು ಎರಡನೇ ಸಲ ದಾಟಿಸಿದರೇ ಬಿಡುಗಡೆ. ಮಂದಿ ಮಾತ್ರ, ಎರಡೆರಡು ಸಲ ತೋರಿಸಿದ ಅಂತ ಚಪ್ಪಾಳೆ ಹೊಡೆಯುತ್ತಾರೆ.

ಬಳೆ ಅವಳ ತಲೆ ದಾಟಿತು. ಎದೆ ದಾಟಿತು.

"ಕಾಕಾ..." ತುಟಿ ಅಲುಗದ ಹಾಗೆ ಸುಧಾರಾಣಿ ಅಂದಳು. "ಎಡಗಾಲೂ ಗೊತ್ತಾಗವಲ್ದು."

ಬಳೆ ಕಾಲು ದಾಟಿತು.

ಕೈ ಬಿಟ್ಟುಬಿಟ್ಟೆ!

ಬಳೆ ಕೆಳಗೆ ಬೀಳಲಿಲ್ಲ. ಏನೂ ಇಲ್ಲದ ಕಡೆ ಜೋತು ಬಿದ್ದು ತೂಗಾಡಿತು. ನಾಲ್ಕುನೂರು ಕತ್ತು ಮುಂದೆ ಚಾಚಿದವು.

"ಕಣ್ಣು ತಗದು ನೋಡ್ರಿ!" ಕೂಗಿದೆ. "ಸರಳಿಗೆ ಸಿಕ್ಕೈತಿ! ಕಬ್ಬಿಣ ಐತಿ ಇಲ್ಲಿ!"

ಮುಂದಿನ ಸಾಲಿನ ರುಮಾಲಿನ ಮುದುಕ ಎದ್ದು ನಿಂತ. ಎರಡೂ ಕೈ ಮುಗಿದ.

"ಬಳೀನೂ ತೇಲಾಕತ್ತೈತಿ ನೋಡ್ರೋ!"

ಮುಗಿಯಿತು. ಇಡೀ ಗೋದಾಮು ಸ್ಟೇಜಿಗೆ ನುಗ್ಗಿತು. ಬಳೆ ಮುಟ್ಟಲಿಕ್ಕೆ! ಕೊಟ್ರೇಶನ ಚಾಕು ಎಲ್ಲೋ, ಕೊಟ್ರೇಶ ಎಲ್ಲೋ. ಬೆಲ್ಟು ಬಿಚ್ಚಿದೆ. ಹುಡುಗಿಯನ್ನು ಹೆಗಲಿಗೆ ಹಾಕಿಕೊಂಡೆ. ದೇವಿಯನ್ನು ಹೊತ್ತೊಯ್ಯುತ್ತಿದ್ದರೂ ಒಬ್ಬನೂ ತಿರುಗಿ ನೋಡಲಿಲ್ಲ.

ಹಿಂಬಾಗಿಲಲ್ಲಿ ನಾನು ಮೊದಲೇ ಹೇಳಿ ನಿಲ್ಲಿಸಿದ್ದ ಗೆಳೆಯ ನಾಸೀರನ ಟೆಂಪೋ. ಒಳಗೆ ಖಾರಪುಡಿಯ ಚೀಲಗಳು.

"ಹಿಂದ ಕೊಟ್ರೇಶನ ಮಂದೀವು ಎರಡು ಬೈಕ್ ಅದಾವಲೇ!" ನಾಸೀರ ಕಿರುಚಿದ.

"ಹೊಡಿ ಗಾಡಿ!"

ಮೋಟೆಬೆನ್ನೂರು ಇನ್ನೂ ದೂರ. ಮುಂದಿನ ಬೈಕಿನವನ ಕೈಯಲ್ಲಿ ಕಬ್ಬಿಣದ ರಾಡು. ಹತ್ತಿರ ಬಂದ... ಇನ್ನೂ ಹತ್ತಿರ... ಒಂದು ಚೀಲದ ಬಾಯಿ ಕೊಯ್ದು ರಸ್ತೆಗೆ ಸುರಿದೆ. ಕೆಂಪು ಮೋಡ ಎದ್ದಿತು! ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತಾರೆ. ಅವತ್ತು ಗಟಾರದಲ್ಲಿ ಬಿದ್ದವರನ್ನು ಕೇಳಿ!

"ನನ್ನ ಚೀಲಾ..." ಅಂದ ನಾಸೀರ. ಆಮೇಲೆ ಹಿಂದೆ ಮಲಗಿದ್ದ ಹುಡುಗಿಯನ್ನು ನೋಡಿದ. ಗಾಡಿ ಇನ್ನಷ್ಟು ಜೋರು ಬಿಟ್ಟ.

ಹಾವೇರಿ ಆಸ್ಪತ್ರೆ. ಸ್ಕ್ಯಾನ್. ಡಾಕ್ಟರು ಕನ್ನಡಕ ತೆಗೆದು ಒರೆಸಿದರು.

"ಎಡಗಾಲು ಬಂದರೂ ಬರಬಹುದು. ಬಲಗಾಲಿನ ಆಸೆ ಬಿಡ್ರಿ."

ಎಂಟನೇ ದಿನ ಫಕ್ಕೀರವ್ವ ಭಂಡಾರದ, ದೇವರ ಅರಿಶಿನಪುಡಿಯ, ಪೊಟ್ಟಣ ಹಿಡಿದು ಬಂದಳು. ಮಗಳ ಸತ್ತ ಕಾಲಿಗೆ ಹಚ್ಚತೊಡಗಿದಳು.

"ದೇವಿ ಹೋದ್ರೂ ಬಳಿ ಬಿಟ್ಟು ಹೋಗ್ಯಾಳಣ್ಣ. ಅಲ್ಲೇ ತೇಲಾಕತ್ತೈತಿ. ಊರ ಮಂದೆಲ್ಲ ಸಾಲು ಹಚ್ಚ್ಯಾರ. ಕೊಟ್ರೇಶ ತಾನ ನಿಂತು ಭಂಡಾರ ಕೊಡಾಕತ್ತಾನ."

"ಅವ್ವಾ! ತಗಡು ಐತಿ ಅಂತ ನನಗ ಹೇಳಿದಾಕಿ ನೀನ ಅಲ್ಲೇನು?"

"ಹುಡುಗಿಗೆ ತಗಡಿತ್ತು, ಖರೇ." ಅವಳು ನನ್ನನ್ನೇ ದಡ್ಡನ ಹಾಗೆ ನೋಡಿದಳು. "ಬಳೀಗೆ ಎಲ್ಲೈತಪಾ ತಗಡು? ಕಾಲು ಬರ್ಲಿ ಅಂತ ಅದಕ್ಕ ಹರಕಿ ಹೊತ್ತೇನಿ."

ಸುಧಾರಾಣಿ ಗೋಡೆಯ ಕಡೆ ಮುಖ ತಿರುಗಿಸಿದಳು. ತಿರುಗಿಸಲಿಕ್ಕೆ ಅವಳಿಗೆ ಉಳಿದದ್ದು ಅದೊಂದೇ.

ನಾನು ಚಪ್ಪಲಿ ಮೆಟ್ಟಿಕೊಂಡೆ.

"ಧೈರ್ಯಲೇ ಬೇಡ್ಕೋ, ಫಕ್ಕೀರವ್ವ. ಅದು ಬೀಳೂದಿಲ್ಲ. ವೆಲ್ಡಿಂಗ್ ನಂದ ಐತಿ."